ಟೆನೆರಿಫೆಯಲ್ಲಿ ಇಂಗ್ಲಿಷ್ ಒಂದನ್ನೇ ನಂಬಿ ಕೆಲಸ ಹುಡುಕಿದರೆ

(ಕರಾವಳಿಯ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಓದುವುದಕ್ಕೆ ತಕ್ಕಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯುರೋಪಿನ ಹೋಟೆಲ್ ಕೆಲಸದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಯುರೋಪು ದೊಡ್ಡದು. ನನಗೆ ಚೆನ್ನಾಗಿ ಗೊತ್ತಿರುವುದು ಅದರ ಒಂದು ಮೂಲೆ ಮಾತ್ರ, ಟೆನೆರಿಫೆ ದ್ವೀಪ. ಅಲ್ಲಿನ ಒಂದು ಹೋಟೆಲಿನ ಸಿಬ್ಬಂದಿ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಕೆಲಸ ಕೇಳಿಕೊಂಡು ನಮ್ಮ ಮೇಜಿನ ಮುಂದೆ ಬಂದು ಕೂರುತ್ತಿದ್ದವರಲ್ಲಿ ಬಹಳ ಜನ ಬ್ರಿಟನ್ನಿನವರು. ಲೀಡ್ಸ್, ಲಿವರ್‌ಪೂಲ್, ಗ್ಲಾಸ್ಗೊ ಕಡೆಯ ಹುಡುಗ ಹುಡುಗಿಯರು. ಹತ್ತು ದಿನ ರಜೆಗೆ ಬಂದವರು, ಬಿಸಿಲು ನೋಡಿ ಇಲ್ಲೇ ಇದ್ದುಬಿಡೋಣ ಅಂತ ಮನಸ್ಸು ಮಾಡಿದವರು. ಅವರಲ್ಲಿ ಹೆಚ್ಚಿನವರಿಗೆ ಇದ್ದ ಬಂಡವಾಳ ಇಂಗ್ಲಿಷ್ ಒಂದೇ. ಆ ಬಂಡವಾಳ ಅಲ್ಲಿ ಎಷ್ಟು ದೂರ ಸಾಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಅನ್ನುವುದನ್ನು ಇವತ್ತು ಹೇಳುತ್ತೇನೆ.

ಮೊದಲು ಜಾಗ ಯಾವುದು ಅಂತ ತಿಳಿಯೋಣ. ಕೆನರಿ ದ್ವೀಪಗಳು ಸ್ಪೇನ್ ದೇಶಕ್ಕೆ ಸೇರಿದ್ದು. ಆದರೆ ಇರುವುದು ಆಫ್ರಿಕಾದ ಪಕ್ಕ, ಅಟ್ಲಾಂಟಿಕ್ ಸಮುದ್ರದಲ್ಲಿ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಟೆನೆರಿಫೆ. ನಡುವೆ 3,715 ಮೀಟರ್ ಎತ್ತರದ ತೇಯ್ದೆ ಜ್ವಾಲಾಮುಖಿ. ಅದರ ಉತ್ತರಕ್ಕೆ ಹಸಿರು, ಬಾಳೆತೋಟ, ಹಳೆಯ ಊರುಗಳು. ದಕ್ಷಿಣಕ್ಕೆ ಒಣ ನೆಲ. ಮೊದಲು ಅಲ್ಲಿ ಟೊಮ್ಯಾಟೊ ಬೆಳೆಯುತ್ತಿದ್ದರು, ಮೀನು ಹಿಡಿಯುತ್ತಿದ್ದರು. 1960ರ ದಶಕದಿಂದ ಹೋಟೆಲುಗಳು ಏಳತೊಡಗಿದವು. 1978ರಲ್ಲಿ ದಕ್ಷಿಣದ ವಿಮಾನ ನಿಲ್ದಾಣ ತೆರೆದ ಮೇಲಂತೂ ಪ್ಲಾಯಾ ದೆ ಲಾಸ್ ಅಮೆರಿಕಾಸ್, ಲೋಸ್ ಕ್ರಿಸ್ತಿಯಾನೋಸ್, ಕೋಸ್ತಾ ಅದೆಹೆ ಒಂದಕ್ಕೊಂದು ಅಂಟಿಕೊಂಡು ಬೆಳೆದವು. ಬ್ರಿಟನ್ನಿನಿಂದ ನಾಲ್ಕು, ನಾಲ್ಕೂವರೆ ಗಂಟೆಯ ವಿಮಾನ ಪ್ರಯಾಣ. ಡಿಸೆಂಬರಿನಲ್ಲೂ ಹಗಲು 20 ಡಿಗ್ರಿ ದಾಟುತ್ತದೆ.

2024ರಲ್ಲಿ ಇಡೀ ಕೆನರಿ ದ್ವೀಪಗಳಿಗೆ ಬಂದ ಪ್ರವಾಸಿಗರು ಸುಮಾರು 1 ಕೋಟಿ 78 ಲಕ್ಷ. ಅಲ್ಲಿ ವಾಸ ಮಾಡುವವರು ಸುಮಾರು 22 ಲಕ್ಷ. ಬಂದವರಲ್ಲಿ ದೊಡ್ಡ ಪಾಲು ಬ್ರಿಟಿಷರದ್ದು. ಹಾಗಾಗಿ ದಕ್ಷಿಣದ ಬೀದಿಗಳಲ್ಲಿ ನಡೆದರೆ ಸ್ಪೇನ್‌ನಲ್ಲಿ ಇದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಬೋರ್ಡು ಇಂಗ್ಲಿಷಿನಲ್ಲಿ, ಮೆನು ಇಂಗ್ಲಿಷಿನಲ್ಲಿ, ಟಿವಿಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್. ಇದನ್ನು ನೋಡಿದ ಯಾರಿಗಾದರೂ ಇಲ್ಲಿ ಇಂಗ್ಲಿಷ್ ಬಂದರೆ ಕೆಲಸ ಗ್ಯಾರಂಟಿ ಅನ್ನಿಸುವುದು ಸಹಜ, ಅಲ್ವಾ?

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಇಂಗ್ಲಿಷ್ ಅಲ್ಲಿ ಬೇಕೇ ಬೇಕು. ಆದರೆ ಅದು ಎಲ್ಲರ ಹತ್ತಿರವೂ ಇದೆ. ಹೋಟೆಲಿಗೆ ಅರ್ಜಿ ಹಾಕುವ ಕೆನರಿಯ ಹುಡುಗಿಗೆ ಸ್ಪ್ಯಾನಿಷ್ ಮನೆಮಾತು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಜರ್ಮನ್ ಸ್ವಲ್ಪ ಬರುತ್ತದೆ. ಇಟಲಿಯಿಂದ ಬಂದವನಿಗೆ ಮೂರು ಭಾಷೆ. ವೆನೆಜುವೆಲಾದಿಂದ ಬಂದವರಿಗೆ ಸ್ಪ್ಯಾನಿಷ್ ತಾಯಿನುಡಿ. ಇವರ ಮಧ್ಯೆ ಇಂಗ್ಲಿಷ್ ಮಾತ್ರ ಗೊತ್ತಿರುವವನು ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. ಗಿರಾಕಿಯ ಹತ್ತಿರ ಮಾತಾಡುವುದು ಇಂಗ್ಲಿಷಿನಲ್ಲಿ, ಸರಿ. ಆದರೆ ಅಡುಗೆಮನೆಯ ಮಾತು, ಪಾಳಿಯ ಪಟ್ಟಿ, ಸಾಮಾನು ತಂದು ಇಳಿಸುವವನ ಜೊತೆ ಲೆಕ್ಕ, ಮ್ಯಾನೇಜರ್ ಬೈಯುವುದು, ಸಹಿ ಹಾಕುವ ಕರಾರು ಎಲ್ಲ ಸ್ಪ್ಯಾನಿಷ್‌ನಲ್ಲೇ.

ಹಾಗಾದರೆ ಇಂಗ್ಲಿಷ್ ಒಂದರಿಂದಲೇ ಸಿಗುವ ಕೆಲಸ ಯಾವುದು? ಬ್ರಿಟಿಷರೇ ನಡೆಸುವ ಬಾರುಗಳಲ್ಲಿ ಸಪ್ಲೈಯರ್ ಕೆಲಸ ಇದೆ. ಬಾರಿನ ಮುಂದೆ ನಿಂತು ಚೀಟಿ ಹಂಚಿ ಜನರನ್ನು ಒಳಗೆ ಕರೆಯುವ ಕೆಲಸ ಇದೆ. ಇದನ್ನು ಅಲ್ಲಿ ಪಿ.ಆರ್. ಅನ್ನುತ್ತಾರೆ. ಹೋಟೆಲಿನಲ್ಲಿ ಮಕ್ಕಳನ್ನು ಆಡಿಸುವ, ಸಂಜೆ ವೇದಿಕೆ ಮೇಲೆ ಕುಣಿಯುವ, ಬಿಂಗೊ ಆಡಿಸುವ ಅನಿಮೇಷನ್ ತಂಡ ಇರುತ್ತದೆ. ರಜಾ ಮನೆಗಳನ್ನು ಬಾಡಿಗೆಗೆ ಕೊಡುವ ಬ್ರಿಟಿಷರಿಗೆ ಮನೆ ಸ್ವಚ್ಛ ಮಾಡಿ ಬೀಗದ ಕೈ ಕೊಡುವವರು ಬೇಕು. ಅಲ್ಲಿ ನೆಲೆಸಿರುವ ವಯಸ್ಸಾದ ಬ್ರಿಟಿಷರನ್ನು ನೋಡಿಕೊಳ್ಳುವವರು ಬೇಕು. ಇನ್ನೊಂದು, ಟೈಮ್‌ಶೇರ್, ಅಂದರೆ ರಜಾ ಮನೆಯನ್ನು ವರ್ಷದ ಕೆಲವು ದಿನ ಮಾತ್ರ ಬಳಸುವ ಹಕ್ಕನ್ನು ಮಾರುವ ವ್ಯಾಪಾರ. ಬೀದಿಯಲ್ಲಿ ಪ್ರವಾಸಿಗರನ್ನು ಮಾತಾಡಿಸಿ, ಉಡುಗೊರೆ ಕೊಡುತ್ತೇವೆ ಅಂತ ಹೇಳಿ, ಮಾರಾಟದ ಕಚೇರಿಗೆ ಕರೆದೊಯ್ಯುವುದು. ಬಹಳ ಕಡೆ ಇದಕ್ಕೆ ಸಂಬಳ ಇಲ್ಲ, ಕಮಿಷನ್ ಮಾತ್ರ. ಯಾರೂ ಖರೀದಿಸದ ವಾರ ಕೈಗೆ ಏನೂ ಬರುವುದಿಲ್ಲ. ಈ ಕೆಲಸಕ್ಕೆ ಯಾರಾದರೂ ಕರೆದರೆ ಹೋಗಬೇಡಿ ಅಂತ ನೇರವಾಗಿ ಹೇಳುತ್ತೇನೆ.

ಇಂಗ್ಲಿಷ್ ಪಾಠ ಹೇಳುವುದು ಇದಕ್ಕಿಂತ ಗೌರವದ ದಾರಿ. ಸಾಂತಾ ಕ್ರೂಸ್, ಲಾ ಲಗೂನಾ, ಪುಯೆರ್ತೊ ದೆ ಲಾ ಕ್ರೂಸ್ ಊರುಗಳಲ್ಲಿ ಖಾಸಗಿ ಇಂಗ್ಲಿಷ್ ಅಕಾಡೆಮಿಗಳಿವೆ. ಮಕ್ಕಳು ಶಾಲೆ ಮುಗಿಸಿ ಸಂಜೆ ಬರುತ್ತಾರೆ, ಕೇಂಬ್ರಿಡ್ಜ್ ಪರೀಕ್ಷೆಗೆ ತಯಾರಾಗುತ್ತಾರೆ. ಕೆಲಸ ಸೆಪ್ಟೆಂಬರ್, ಅಕ್ಟೋಬರಿನಿಂದ ಜೂನ್ ತನಕ. ಬೇಸಿಗೆಯಲ್ಲಿ ಸಂಬಳ ಇಲ್ಲ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಕೈಯಲ್ಲಿ ಒಂದು ಕಸುಬು ಇದ್ದವರ ಕಥೆಯೂ ಬೇರೆ. ಟೆನೆರಿಫೆ ಮತ್ತು ಲಾ ಗೊಮೆರಾ ದ್ವೀಪದ ನಡುವಿನ ಸಮುದ್ರದಲ್ಲಿ ಪೈಲಟ್ ತಿಮಿಂಗಿಲಗಳು ವರ್ಷವಿಡೀ ಇರುತ್ತವೆ. ಅವುಗಳನ್ನು ತೋರಿಸುವ ದೋಣಿಗಳಲ್ಲಿ ಎರಡು ಮೂರು ಭಾಷೆ ಬರುವ ಗೈಡ್‌ಗಳಿಗೆ ಯಾವಾಗಲೂ ಬೇಡಿಕೆ. ಡೈವಿಂಗ್ ಕಲಿಸುವವರು, ಎಲೆಕ್ಟ್ರಿಷಿಯನ್‌ಗಳು, ಈಜುಕೊಳ ನೋಡಿಕೊಳ್ಳುವವರು, ಒಳ್ಳೆಯ ಅಡುಗೆಯವರು ಖಾಲಿ ಕೂರುವುದು ಕಡಿಮೆ. ಅವರಿಗೆ ಕೆಲಸ ಕೊಟ್ಟಿದ್ದು ಕಸುಬು. ಇಂಗ್ಲಿಷ್ ಅದಕ್ಕೆ ಜೊತೆಗೂಡಿತು, ಅಷ್ಟೆ.

ಯಾವಾಗ ಹುಡುಕಬೇಕು ಅನ್ನುವುದರಲ್ಲಿ ಜನ ತುಂಬಾ ಎಡವುತ್ತಾರೆ. ಸ್ಪೇನಿನ ದ್ವೀಪ ಅಂದರೆ ಬೇಸಿಗೆ ಸೀಸನ್ ಅಂದುಕೊಳ್ಳುತ್ತಾರೆ. ಮಯೋರ್ಕಾ, ಇಬಿಸಾ ದ್ವೀಪಗಳಿಗೆ ಅದು ನಿಜ. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್ ತನಕ ಗದ್ದಲ, ಆಮೇಲೆ ಹೋಟೆಲುಗಳು ಬಾಗಿಲು ಹಾಕುತ್ತವೆ. ಆಳುಗಳನ್ನು ತೆಗೆದುಕೊಳ್ಳುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಟೆನೆರಿಫೆ ವರ್ಷಪೂರ್ತಿ ತೆರೆದಿರುತ್ತದೆ. ಉತ್ತರ ಯುರೋಪಿನವರು ಚಳಿಯಿಂದ ತಪ್ಪಿಸಿಕೊಂಡು ಬರುವ ಚಳಿಗಾಲವೇ ಅಲ್ಲಿನ ದೊಡ್ಡ ಸೀಸನ್. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೇಳಿದವರಿಗೆ ಕೆಲಸ ಸಿಗುವ ಸಾಧ್ಯತೆ ಜಾಸ್ತಿ.

ಈಗ ಕಾಗದಪತ್ರದ ವಿಷಯ. ಇದು ಸಪ್ಪೆ ಅನ್ನಿಸಬಹುದು. ಆದರೆ ಬದುಕು ಏರುಪೇರಾಗುವುದೇ ಇಲ್ಲಿ.

2020ರ ಕೊನೆಯ ತನಕ ಬ್ರಿಟಿಷರಿಗೆ ಎಲ್ಲ ಸುಲಭ ಇತ್ತು. ವಿಮಾನ ಇಳಿದು, ವಿದೇಶಿಯರ ಗುರುತಿನ ಸಂಖ್ಯೆ ಮಾಡಿಸಿಕೊಂಡು, ಸಾಮಾಜಿಕ ಭದ್ರತಾ ಸಂಖ್ಯೆ ಪಡೆದು ಕೆಲಸಕ್ಕೆ ಸೇರಿದರೆ ಮುಗಿಯಿತು. ಮೊದಲನೆಯದನ್ನು ಅಲ್ಲಿ ಎಲ್ಲರೂ ನಿಯೆ ಅನ್ನುತ್ತಾರೆ. ನಿಯೆ ಇಲ್ಲದೆ ಕೆಲಸಕ್ಕೂ ಸೇರಲಾಗದು, ತೆರಿಗೆಯನ್ನೂ ಕಟ್ಟಲಾಗದು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟಿದ್ದರಿಂದ, ಅಂದರೆ ಬ್ರೆಕ್ಸಿಟ್‌ನಿಂದಾಗಿ, 2021ರ ಜನವರಿ 1ರಿಂದ ಬ್ರಿಟಿಷರು ಸ್ಪೇನಿನ ಪಾಲಿಗೆ ಹೊರಗಿನವರಾದರು. ನಮ್ಮ ಹಾಗೆಯೇ. 180 ದಿನಗಳಲ್ಲಿ 90 ದಿನ ಪ್ರವಾಸಿಯಾಗಿ ಇರಬಹುದು, ಕೆಲಸ ಮಾಡುವ ಹಾಗಿಲ್ಲ. 2025ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆಯೂ ಶುರುವಾಗಿದೆ. ದಿನಗಳ ಲೆಕ್ಕ ಈಗ ಕಂಪ್ಯೂಟರಿನಲ್ಲಿ ಇರುತ್ತದೆ. ನಿಯೆ ಸಿಕ್ಕಿತು ಅಂದರೆ ಕೆಲಸದ ಹಕ್ಕು ಸಿಕ್ಕಿತು ಅಂತ ತಿಳಿಯುವವರು ಇವತ್ತಿಗೂ ಇದ್ದಾರೆ. ಅದು ಬರೀ ಸಂಖ್ಯೆ. ಮನೆ ಕೊಳ್ಳುವ ಪ್ರವಾಸಿಗೂ ಅದು ಸಿಗುತ್ತದೆ.

ಹೊರಗಿನವನಿಗೆ ಕೆಲಸ ಕೊಡಬೇಕಾದರೆ ಮಾಲೀಕನೇ ಅರ್ಜಿ ಹಾಕಬೇಕು. ಆ ಹುದ್ದೆಗೆ ಸ್ಪೇನಿನಲ್ಲೇ ಜನ ಸಿಗುತ್ತಿಲ್ಲ ಅಂತ ತೋರಿಸಬೇಕು. ಕೆನರಿಯಲ್ಲಿ ನಿರುದ್ಯೋಗ ಮೊದಲಿಂದಲೂ ದೇಶದ ಸರಾಸರಿಗಿಂತ ಜಾಸ್ತಿ. ಅಂಥ ಕಡೆ ಸಪ್ಲೈಯರ್ ಸಿಗುತ್ತಿಲ್ಲ ಅಂತ ಒಪ್ಪಿಸುವುದು ಸುಲಭ ಇಲ್ಲ. ಹಾಗಾಗಿ ಸಣ್ಣ ಬಾರಿನವನು ಆ ಗೋಜಿಗೆ ಹೋಗುವುದೇ ಇಲ್ಲ. ಐರ್ಲೆಂಡಿನ ಪಾಸ್‌ಪೋರ್ಟ್ ಇದ್ದವರಿಗೆ ಈ ಯಾವ ತೊಂದರೆಯೂ ಇಲ್ಲ, ಯಾಕಂದರೆ ಐರ್ಲೆಂಡ್ ಐರೋಪ್ಯ ಒಕ್ಕೂಟದಲ್ಲೇ ಇದೆ. ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಅಲ್ಲಿನ ಪೌರತ್ವ ಕೇಳಬಹುದು. ಬ್ರೆಕ್ಸಿಟ್ ಆದ ಮೇಲೆ ಎಷ್ಟೋ ಬ್ರಿಟಿಷರು ಅಜ್ಜಿಯ ಜನನ ಪತ್ರ ಹುಡುಕಿಕೊಂಡು ಓಡಾಡಿದ್ದು ಇದಕ್ಕೇ. ಬೇರೆ ದೇಶದ ಕಂಪನಿಗೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಸ್ಪೇನ್ ಪ್ರತ್ಯೇಕ ವೀಸಾ ಕೊಡುತ್ತದೆ. ಅದಕ್ಕೆ ಅಲ್ಲಿನ ಕನಿಷ್ಠ ವೇತನದ ಎರಡರಷ್ಟು ಆದಾಯ ತೋರಿಸಬೇಕು. ದ್ವೀಪದಲ್ಲಿ ಕೆಲಸ ಹುಡುಕುವವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಇದ್ದರೂ ಹುಡುಗರು ಬರುತ್ತಾರೆ, ಕಾಗದ ಇಲ್ಲದೆ ಕೆಲಸಕ್ಕೆ ನಿಲ್ಲುತ್ತಾರೆ. ರಾತ್ರಿ ಬಾರು ಮುಚ್ಚಿದ ಮೇಲೆ ಕೈಗೆ ನೋಟು ಎಣಿಸಿ ಕೊಡುತ್ತಾರೆ. ಒಂದೆರಡು ತಿಂಗಳು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಒಂದು ದಿನ ಕಾಲು ಜಾರಿ ಬಿದ್ದು ಕೈ ಮುರಿಯುತ್ತದೆ. ಆಗ ಆ ಬಾರಿನಲ್ಲಿ ಅವನು ಯಾರೂ ಅಲ್ಲ. ಕಡೇ ವಾರದ ಹಣ ಕೊಡದಿದ್ದರೂ ಕೇಳುವ ಧೈರ್ಯ ಬರುವುದಿಲ್ಲ, ಯಾಕಂದರೆ ದೂರು ಕೊಟ್ಟರೆ ತಾನೇ ಸಿಕ್ಕಿಬೀಳುತ್ತೇನೆ ಅನ್ನುವ ಭಯ. ಇಂಥವರು ನಮ್ಮ ಕಚೇರಿಗೆ ಬಂದು, ಇಲ್ಲಾದರೂ ಏನಾದರೂ ಸಿಗುತ್ತದಾ ಅಂತ ಕೇಳುವಾಗ ನನಗೆ ನಿಜವಾಗಿ ಸಂಕಟ ಆಗುತ್ತಿತ್ತು.

ಕಾಗದ ಇದ್ದವರಿಗೂ ಒಂದು ಮೋಸ ಕಾದಿರುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಳೆ ನೀವು ಯಾವ ದೇಶಕ್ಕೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಸ್ಪೇನಿನ ಸಂಬಳ ಚೀಟಿಗೆ ನೋಮಿನಾ ಅನ್ನುತ್ತಾರೆ. ಒಂದೇ ಹಾಳೆ. ಮೇಲೆ ಕಂಪನಿಯ ಹೆಸರು, ನಿಮ್ಮ ಹೆಸರು, ನಿಮ್ಮ ಸಾಮಾಜಿಕ ಭದ್ರತಾ ಸಂಖ್ಯೆ, ನಿಮ್ಮ ದರ್ಜೆ, ಕೆಲಸಕ್ಕೆ ಸೇರಿದ ದಿನ. ಕೆಳಗೆ ಮೂಲ ಸಂಬಳ. 2025ರಲ್ಲಿ ಕನಿಷ್ಠ ವೇತನ ತಿಂಗಳಿಗೆ 1,184 ಯೂರೊ. ಆದರೆ ವರ್ಷಕ್ಕೆ 14 ಸಂಬಳ. ಬೇಸಿಗೆಯಲ್ಲಿ ಒಂದು, ಕ್ರಿಸ್‌ಮಸ್ಸಿಗೆ ಒಂದು ಹೆಚ್ಚುವರಿ. ಕೆಲವು ಕಂಪನಿಗಳು ಆ ಎರಡನ್ನು 12 ತಿಂಗಳಿಗೆ ಹಂಚಿಬಿಡುತ್ತವೆ. ಆಗ ತಿಂಗಳಿಗೆ 1,381 ಯೂರೊ ಕಾಣುತ್ತದೆ. ಎರಡೂ ಒಂದೇ ಹಣ. ಇದು ಗೊತ್ತಿಲ್ಲದೆ, ಆ ಹೋಟೆಲಿನಲ್ಲಿ 200 ಯೂರೊ ಜಾಸ್ತಿ ಕೊಡುತ್ತಾರೆ ಅಂತ ಕೆಲಸ ಬಿಟ್ಟು ಹೋದವರನ್ನು ನೋಡಿದ್ದೇನೆ. ಅದರ ಕೆಳಗೆ ಕಡಿತಗಳು. ಆರೋಗ್ಯ, ಪಿಂಚಣಿಗೆ 4.70%. ಕಾಯಂ ಕರಾರಿದ್ದವರಿಗೆ ನಿರುದ್ಯೋಗ ವಿಮೆಗೆ 1.55%. ತರಬೇತಿಗೆ 0.10%. ಆಮೇಲೆ ಆದಾಯ ತೆರಿಗೆ.

ಮೋಸ ಇರುವುದು ಒಂದು ಸಣ್ಣ ಸಾಲಿನಲ್ಲಿ. ಕೆಲಸದ ಗಂಟೆ. ಕಾನೂನಿನ ಪ್ರಕಾರ ಪೂರ್ತಿ ವಾರ ಅಂದರೆ 40 ಗಂಟೆ. ಎಷ್ಟೋ ಬಾರುಗಳಲ್ಲಿ ಕರಾರು 20 ಗಂಟೆಗೆ ಮಾಡಿಸುತ್ತಾರೆ. ದುಡಿಸುವುದು 45, 50 ಗಂಟೆ. ಉಳಿದ ಹಣ ಕೈಗೆ ಕೊಡುತ್ತಾರೆ. ಯಾಕೆ ಹೀಗೆ? ಸಂಬಳದ ಮೇಲೆ ಮಾಲೀಕ ತನ್ನ ಪಾಲಾಗಿ ಸುಮಾರು 30% ಸಾಮಾಜಿಕ ಭದ್ರತೆಗೆ ಕಟ್ಟಬೇಕು. ಗಂಟೆ ಮುಚ್ಚಿಟ್ಟರೆ ಅದು ಉಳಿಯುತ್ತದೆ. ಹುಡುಗನಿಗೂ ಕೈಗೆ ನಗದು ಬಂತಲ್ಲ ಅನ್ನುವ ಖುಷಿ. ಏಟು ಬೀಳುವುದು ಆಮೇಲೆ. ಸ್ಪೇನಿನಲ್ಲಿ ಹಿಂದಿನ ಆರು ವರ್ಷಗಳಲ್ಲಿ ಒಟ್ಟು 360 ದಿನ ವಂತಿಗೆ ಕಟ್ಟಿದ್ದರೆ ಕೆಲಸ ಹೋದಾಗ ನಾಲ್ಕು ತಿಂಗಳ ನಿರುದ್ಯೋಗ ಭತ್ಯೆ ಸಿಗುತ್ತದೆ. ಆ ಭತ್ಯೆ ಲೆಕ್ಕ ಹಾಕುವುದು ಕಾಗದದ ಮೇಲಿನ ಸಂಬಳದಿಂದ. ಕಾಯಿಲೆ ಬಿದ್ದಾಗ ಸಿಗುವ ಹಣವೂ ಹಾಗೇ, ಪಿಂಚಣಿಯೂ ಹಾಗೇ. 2020ರಲ್ಲಿ ಕೋವಿಡ್ ಬಂದು ದ್ವೀಪವೇ ಮುಚ್ಚಿದಾಗ, ಅರ್ಧ ಕರಾರಿನವರಿಗೆ ಸರ್ಕಾರದ ಅರ್ಧ ಭತ್ಯೆಯೇ ಸಿಕ್ಕಿತು. ಕರಾರೇ ಇಲ್ಲದವರಿಗೆ ಏನೂ ಇಲ್ಲ.

ಇದನ್ನು ಪತ್ತೆ ಮಾಡುವುದು ಕಷ್ಟ ಇಲ್ಲ. ಸಾಮಾಜಿಕ ಭದ್ರತಾ ಇಲಾಖೆಯಿಂದ ವಿದಾ ಲಬೊರಾಲ್ ಅನ್ನುವ ವರದಿಯನ್ನು ಯಾರು ಬೇಕಾದರೂ ತಮ್ಮ ಹೆಸರಿಗೆ ತೆಗೆಸಿಕೊಳ್ಳಬಹುದು. ದುಡ್ಡು ಕೊಡಬೇಕಿಲ್ಲ. ಯಾವ ಮಾಲೀಕ ಯಾವ ದಿನ ನಿಮ್ಮ ಹೆಸರು ದಾಖಲಿಸಿದ, ಎಷ್ಟು ಶೇಕಡಾ ಗಂಟೆಗೆ ದಾಖಲಿಸಿದ, ಯಾವ ದಿನ ತೆಗೆದುಹಾಕಿದ ಅಂತ ಎಲ್ಲ ಅದರಲ್ಲಿ ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನು ನೋಡಿ ಅಂತ ಬಂದವರಿಗೆಲ್ಲ ಹೇಳುತ್ತಿದ್ದೆ. ಇನ್ನೊಂದು ವಿಷಯ. 2019ರ ಮೇ ತಿಂಗಳಿಂದ ಪ್ರತಿ ಕಂಪನಿಯೂ ಪ್ರತಿ ಕೆಲಸಗಾರನ ಬಂದ ಹೊತ್ತು, ಹೋದ ಹೊತ್ತು ಬರೆದಿಡಲೇಬೇಕು. ಆ ಹಾಳೆಗೆ ಕಣ್ಣುಮುಚ್ಚಿ ಸಹಿ ಹಾಕಬಾರದು.

2021ರ ಕೊನೆಯಲ್ಲಿ ಬಂದ ಕಾರ್ಮಿಕ ಸುಧಾರಣೆಯಿಂದ ಒಂದು ಒಳ್ಳೆಯದಾಯಿತು. ಮೂರು ತಿಂಗಳು, ಆರು ತಿಂಗಳು ಅಂತ ತಾತ್ಕಾಲಿಕ ಕರಾರು ಮಾಡಿಸುತ್ತಾ ಹೋಗುವುದಕ್ಕೆ ಕಡಿವಾಣ ಬಿತ್ತು. ಸೀಸನ್ ಕೆಲಸಕ್ಕೆ ಫಿಹೊ ಡಿಸ್ಕಂತಿನುವೊ ಅನ್ನುವ ಕರಾರು ಹೆಚ್ಚಾಯಿತು. ಕೆಲಸ ಕಾಯಂ, ಆದರೆ ವರ್ಷದ ಕೆಲವು ತಿಂಗಳು ಮಾತ್ರ. ಮುಂದಿನ ಸೀಸನ್‌ಗೆ ಮಾಲೀಕ ನಿಮ್ಮನ್ನು ಮತ್ತೆ ಕರೆಯಲೇಬೇಕು. ನಡುವಿನ ತಿಂಗಳುಗಳಲ್ಲಿ, ಸಾಕಷ್ಟು ವಂತಿಗೆ ಕಟ್ಟಿದ್ದರೆ, ನಿರುದ್ಯೋಗ ಭತ್ಯೆ ಕೇಳಬಹುದು.

ಕೆಲಸ ಸಿಕ್ಕಿತು ಅಂದುಕೊಳ್ಳಿ. ಮಲಗುವುದು ಎಲ್ಲಿ? ಇದು ಈಗ ಕೆಲಸ ಹುಡುಕುವುದಕ್ಕಿಂತ ದೊಡ್ಡ ಕಷ್ಟ. ಮನೆಗಳೆಲ್ಲ ಪ್ರವಾಸಿಗರಿಗೆ ವಾರದ ಬಾಡಿಗೆಗೆ ಹೋಗುತ್ತವೆ. ಇಬಿಸಾದಲ್ಲಿ ಸಂಬಳ ಪಡೆಯುವ ಕೆಲಸಗಾರರೇ ವ್ಯಾನಿನಲ್ಲಿ, ಟೆಂಟಿನಲ್ಲಿ ವಾಸ ಮಾಡುತ್ತಾರೆ. ಟೆನೆರಿಫೆಯ ದಕ್ಷಿಣದಲ್ಲೂ ಈ ದೃಶ್ಯ ಹೊಸದಲ್ಲ. ಒಂದು ಕೋಣೆಗೇ ಸಂಬಳದ ಮೂರನೇ ಒಂದು ಪಾಲು ಹೋಗುತ್ತದೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. 2024ರ ಏಪ್ರಿಲ್ 20ರಂದು ಕೆನರಿಯ ಎಲ್ಲ ದ್ವೀಪಗಳಲ್ಲಿ ಸಾವಿರಾರು ಜನ ಬೀದಿಗಿಳಿದರು. ಕೆನರಿಗೂ ಒಂದು ಮಿತಿ ಇದೆ ಅನ್ನುವುದು ಅವರ ಕೂಗು. 2025ರ ಈಸ್ಟರ್ ಹೊತ್ತಿಗೆ ಟೆನೆರಿಫೆಯ ಹೋಟೆಲ್ ಕೆಲಸಗಾರರು ಮುಷ್ಕರ ಹೂಡಿದರು. ಹೋಟೆಲು ತುಂಬಿದೆ, ನಮ್ಮ ಜೇಬು ಮಾತ್ರ ಖಾಲಿ ಅನ್ನುವುದು ಅವರ ದೂರು. ಅದು ನ್ಯಾಯವಾದ ದೂರು ಅಂತ ನನಗೆ ಅನ್ನಿಸುತ್ತದೆ. ದಿನಕ್ಕೆ ಇಪ್ಪತ್ತರ ಮೇಲೆ ಕೋಣೆ ಸ್ವಚ್ಛ ಮಾಡಿ ಬೆನ್ನು ಹಿಡಿದುಕೊಂಡು ಕೂತ ಹೆಂಗಸರ ಜೊತೆ ನಾನು ಊಟ ಮಾಡಿದ್ದೇನೆ. ಹೊರಗಿನಿಂದ ಹೋಗುವವರು ಆ ಊರಿನವರ ಬಾಡಿಗೆ, ಆ ಊರಿನವರ ಸಂಬಳದ ಕಥೆಯೊಳಗೇ ಕಾಲಿಡುತ್ತಾರೆ. ಕಡಿಮೆ ಕೂಲಿಗೆ, ಕರಾರಿಲ್ಲದೆ ದುಡಿಯಲು ಒಪ್ಪಿದರೆ ಆ ಹೆಂಗಸರ ಕೂಲಿಯೂ ಕೆಳಗೆ ಬರುತ್ತದೆ.

ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನು ಇಲ್ಲೇ ಸೇರಿಸುತ್ತೇನೆ.

ಒಬ್ಬ ಹುಡುಗ ಕ್ರೂಸ್ ಹಡಗಿನ ಬಗ್ಗೆ ಕೇಳಿದ. ನಮ್ಮ ಕರಾವಳಿಯ ಎಷ್ಟೋ ಹುಡುಗರು ಆ ಹಡಗುಗಳಲ್ಲಿ ಇದ್ದಾರೆ. ಚಳಿಗಾಲದಲ್ಲಿ ಅವು ಸಾಂತಾ ಕ್ರೂಸ್ ಬಂದರಿಗೆ ಬರುತ್ತವೆ. ಹಡಗಿನಿಂದ ಇಳಿದು ಅಲ್ಲೇ ಕೆಲಸಕ್ಕೆ ಸೇರಬಹುದಾ ಅಂತ ಅವನ ಪ್ರಶ್ನೆ. ಆಗುವುದಿಲ್ಲ. ನಾವಿಕನಾಗಿ ನಾಲ್ಕು ಗಂಟೆ ಊರು ಸುತ್ತುವುದಕ್ಕೆ ಬಿಡುವುದು ಬೇರೆ, ದುಡಿಯುವ ಪರವಾನಗಿ ಬೇರೆ. ಹಡಗಿನ ಅನುಭವ ಮಾತ್ರ ಅಲ್ಲಿನ ದೊಡ್ಡ ಹೋಟೆಲುಗಳಿಗೆ ಇಷ್ಟ. ಅದನ್ನು ಅರ್ಜಿಯಲ್ಲಿ ಮೊದಲ ಸಾಲಿಗೆ ಹಾಕಿ.

ಅಲ್ಲಿ ಭಾರತೀಯರು ಇದ್ದಾರಾ ಅಂತ ಇನ್ನೊಬ್ಬಳು ಕೇಳಿದಳು. ಇದ್ದಾರೆ, ಬಹಳ ಹಿಂದಿನಿಂದ. 1852ರಲ್ಲಿ ಕೆನರಿಯ ಬಂದರುಗಳನ್ನು ಸುಂಕಮುಕ್ತ ಮಾಡಿದರು. ಆ ವ್ಯಾಪಾರ ಹುಡುಕಿಕೊಂಡು ಹತ್ತೊಂಬತ್ತನೇ ಶತಮಾನದ ಕೊನೆಗೆ ಸಿಂಧಿ ವ್ಯಾಪಾರಿಗಳು ಬಂದರು. ಸಾಂತಾ ಕ್ರೂಸ್‌ನಲ್ಲೂ ಪಕ್ಕದ ಗ್ರಾನ್ ಕನಾರಿಯಾ ದ್ವೀಪದ ಲಾಸ್ ಪಾಲ್ಮಾಸ್‌ನಲ್ಲೂ ಅವರ ಅಂಗಡಿಗಳಿವೆ. ಅವರ ಮಕ್ಕಳು ಅಲ್ಲಿಯವರ ಹಾಗೇ ಸ್ಪ್ಯಾನಿಷ್ ಮಾತಾಡುತ್ತಾರೆ.

ಏಜೆಂಟ್ ಒಬ್ಬ ಸ್ಪೇನ್ ಕೆಲಸದ ವೀಸಾಕ್ಕೆ ಲಕ್ಷಗಟ್ಟಲೆ ಕೇಳುತ್ತಿದ್ದಾನೆ, ಕೊಡಬಹುದಾ ಅಂತ ಒಬ್ಬರು ತಂದೆ ಎದ್ದು ಕೇಳಿದರು. ದಯವಿಟ್ಟು ಕೊಡಬೇಡಿ. ಕ್ರಮ ಹೀಗಿದೆ. ಮೊದಲು ಮಾಲೀಕ ಸ್ಪೇನಿನ ವಿದೇಶಿಯರ ಕಚೇರಿಯಲ್ಲಿ ಅರ್ಜಿ ಹಾಕಿ ನಿಮ್ಮ ಹೆಸರಿಗೆ ಅನುಮತಿ ಪಡೆಯಬೇಕು. ಆಮೇಲೆ ನೀವು ಇಲ್ಲಿನ ಸ್ಪೇನ್ ದೂತಾವಾಸದಲ್ಲಿ ವೀಸಾ ಕೇಳಬೇಕು. ಅನುಮತಿ ಪತ್ರದಲ್ಲಿ ಮಾಲೀಕನ ಹೆಸರು ಇರುತ್ತದೆ, ನಿಮ್ಮ ಹೆಸರು ಇರುತ್ತದೆ. ಆ ಪತ್ರ ತೋರಿಸದೆ ದುಡ್ಡು ಕೇಳುವವನ ಹತ್ತಿರ ಮಾರುವುದಕ್ಕೆ ಏನೂ ಇಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಎಲ್ಲ ಸರಿಮಾಡಿಸುತ್ತೇನೆ ಅಂದರೂ ನಂಬಬೇಡಿ.

ಕೊನೆಯದಾಗಿ, ಸ್ಪ್ಯಾನಿಷ್ ಎಷ್ಟು ಕಲಿತರೆ ಸಾಕು ಅಂತ ಕೇಳಿದರು. ಬಿ1 ಮಟ್ಟ, ಅಂದರೆ ಯುರೋಪಿನ ಭಾಷಾ ಅಳತೆಯಲ್ಲಿ ಮಧ್ಯಮ ಹಂತ, ತಲುಪಿದರೆ ಹೋಟೆಲಿನವರು ಕೂರಿಸಿ ಮಾತಾಡಿಸುತ್ತಾರೆ. ಡೆಲೆ ಅನ್ನುವ ಪರೀಕ್ಷೆ ಇದೆ, ಅದರ ಪ್ರಮಾಣಪತ್ರ ಎಲ್ಲ ಕಡೆ ನಡೆಯುತ್ತದೆ. ಆದರೆ ಪುಸ್ತಕದ ಮೊದಲ ಪಾಠಕ್ಕೂ ಮೊದಲು ಪಾಳಿಪಟ್ಟಿ ಓದುವುದು ಕಲಿಯಿರಿ. ತುರ್ನೊ ಪಾರ್ತಿದೊ ಅಂತ ಬರೆದಿದ್ದರೆ ಬೆಳಗ್ಗೆ ಒಂದಿಷ್ಟು, ರಾತ್ರಿ ಒಂದಿಷ್ಟು ಕೆಲಸ, ಮಧ್ಯೆ ಮೂರ್ನಾಲ್ಕು ಗಂಟೆ ಸುಮ್ನೆ ಬಿಡುವು. ಲಿಬ್ರೆ ಅಂದರೆ ವಾರದ ರಜೆ. ಒಂದು ಪಾಳಿ ಮುಗಿದು ಮುಂದಿನ ದಿನದ ಪಾಳಿ ಶುರುವಾಗುವ ಮಧ್ಯೆ 12 ಗಂಟೆ ಬಿಡುವು ಇರಲೇಬೇಕು ಅಂತ ಕಾನೂನು ಹೇಳುತ್ತದೆ. ಪಟ್ಟಿ ಓದಲು ಬಂದರೆ ಆ 12 ಗಂಟೆ ಇದೆಯಾ ಇಲ್ಲವಾ ಅಂತ ನೀವೇ ಎಣಿಸಿ ನೋಡಬಹುದು.